ಓದುಗನ ಎರಡು ಮನಸ್ಸು

ಮಳೆಗಾಲದ ಒಂದು ರಾತ್ರಿ. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಯಾವುದೋ ಒಂದು ಹಳ್ಳಿಯ ಮನೆ. ಹೊರಗೆ ಅಡಿಕೆಯ ತೋಟದ ಮೇಲೆ ಮಳೆ ಸುರಿಯುತ್ತಿದೆ; ಒಳಗೆ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿದೆ. ಪ್ರಸಂಗ ವಾಲಿವಧೆ. ಭಾಗವತರ ಪದ ಮುಗಿದಿದೆ. ಬಾಣದ ಪೆಟ್ಟಿಗೆ ನೆಲಕ್ಕುರುಳಿದ ವಾಲಿಯು ರಾಮನನ್ನು ಪ್ರಶ್ನಿಸತೊಡಗಿದ್ದಾನೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಇರುವುದು ಮಾತು ಮಾತ್ರ. ಕಪಿಯು ಮನುಷ್ಯನಂತೆ ಮಾತನಾಡುವುದು ಹೇಗೆಂದು ನೆರೆದವರಲ್ಲಿ ಒಬ್ಬರೂ ಕೇಳುವುದಿಲ್ಲ. ಆದರೆ ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನು ಕೊಡುವ ಸಮಾಧಾನ ಸಾಕಾದೀತೇ ಎಂಬುದನ್ನು ಎಲ್ಲರೂ ಕಿವಿಗೊಟ್ಟು ಪರೀಕ್ಷಿಸುತ್ತಾರೆ. ಅರ್ಥಧಾರಿಯು ಮೊದಲು ಆಡಿದ ಮಾತಿಗೆ ಆಮೇಲೆ ಆಡಿದ ಮಾತು ವಿರುದ್ಧವಾದರೆ ಮುಖ ಸಿಂಡರಿಸುತ್ತಾರೆ.

ಹೀಗೆ ಒಬ್ಬನೇ ಶ್ರೋತೃ ಏಕಕಾಲದಲ್ಲಿ ಎರಡು ಮನಸ್ಸುಗಳಿಂದ ಕೇಳುತ್ತಾನೆ. ಒಂದು ಮನಸ್ಸು ನಂಬುತ್ತದೆ. ಇನ್ನೊಂದು ತೂಗಿ ನೋಡುತ್ತದೆ. ನಂಬದವನಿಗೆ ಕಥೆಯೊಳಗೆ ಪ್ರವೇಶವಿಲ್ಲ; ತೂಗಿ ನೋಡದವನಿಗೆ ಅರ್ಥಗಾರಿಕೆಯ ಸವಿಯಿಲ್ಲ. ಈ ಎರಡು ಮನಸ್ಸುಗಳು ಪರಸ್ಪರ ವೈರಿಗಳಲ್ಲ, ಒಂದೇ ರಥದ ಎರಡು ಚಕ್ರಗಳು.

ಇದೇ ಗುಣವನ್ನು ಅತ್ಯಗತ್ಯವಾಗಿ ಬೇಡುವ ಆಧುನಿಕ ಸಾಹಿತ್ಯಪ್ರಕಾರವೊಂದಿದೆ. ಅದೇ ವಿಜ್ಞಾನ ಕಲ್ಪನಾ ಕಥೆ. ವಿಜ್ಞಾನದ ಒಂದು ತತ್ತ್ವವನ್ನೋ ಸಾಧ್ಯತೆಯನ್ನೋ ಬೀಜವಾಗಿ ಹಿಡಿದು, ಇನ್ನೂ ನಡೆಯದಿರುವುದನ್ನು ನಡೆದಂತೆ ಚಿತ್ರಿಸುವ ಕಥೆ ಇದು. ಇಲ್ಲಿ ವಿಜ್ಞಾನವೂ ಇದೆ, ಕಲ್ಪನೆಯೂ ಇದೆ. ಆದುದರಿಂದಲೇ ಇದನ್ನು ಓದುವವನಿಗೆ ಮೆಚ್ಚುಗೆಯೂ ಸಂಶಯವೂ ಒಟ್ಟಿಗೇ ಹುಟ್ಟುತ್ತವೆ. ಅಂತಹ ಮಿಶ್ರಭಾವವು ಓದುಗನ ದೌರ್ಬಲ್ಯವೇ, ಅಲ್ಲ ಅವನ ಬಲವೇ? ಒಂದು ಪ್ರಸಿದ್ಧ ಗ್ರಂಥಮಾಲೆಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸಬಹುದು.

ಫ್ರಾನ್ಸ್ ದೇಶದ ಜೂಲ್ಸ್ ವರ್ನ್ (1828–1905) ‘ಅಸಾಧಾರಣ ಯಾತ್ರೆಗಳು’ ಎಂಬ ಮಾಲೆಯಲ್ಲಿ ಐವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದನು. ಕಡಲಿನ ಆಳ, ಭೂಮಿಯ ಗರ್ಭ, ಧ್ರುವಪ್ರದೇಶ, ಆಕಾಶ ಇವೆಲ್ಲವೂ ಅವನ ಕಥೆಗಳ ರಂಗಸ್ಥಳಗಳು. ತನ್ನ ಕಾಲದ ಭೂಗೋಳ, ಭೌತವಿಜ್ಞಾನ ಮತ್ತು ಖಗೋಳವಿಜ್ಞಾನಗಳ ತಿಳಿವಳಿಕೆಯನ್ನು ಕಥೆಯ ಮೂಲಕ ಜನರಿಗೆ ತಲುಪಿಸುವುದೇ ಆ ಮಾಲೆಯ ಉದ್ದೇಶವಾಗಿತ್ತು. ಅದರಲ್ಲಿ ಚಂದ್ರಯಾನಕ್ಕೆ ಸಂಬಂಧಿಸಿದ ಎರಡು ಕಾದಂಬರಿಗಳು ಒಂದರ ಮುಂದುವರಿಕೆಯಾಗಿ ಇನ್ನೊಂದು ಬಂದಿವೆ. ಮೊದಲನೆಯದು 1865ರಲ್ಲಿ ಬೆಳಕು ಕಂಡ ‘ಭೂಮಿಯಿಂದ ಚಂದ್ರನಿಗೆ’. ಎರಡನೆಯದು 1870ರಲ್ಲಿ ಪುಸ್ತಕರೂಪ ತಾಳಿದ ‘ಚಂದ್ರನ ಸುತ್ತ’.

ಕಥೆಯ ಆರಂಭವೇ ಸ್ವಾರಸ್ಯವಾಗಿದೆ. ಅಮೆರಿಕದ ಅಂತರ್ಯುದ್ಧ ಮುಗಿದಿದೆ. ಫಿರಂಗಿಗಳನ್ನು ತಯಾರಿಸುವುದೇ ವ್ರತವಾಗಿದ್ದ ಒಂದು ಸಂಘದ ಸದಸ್ಯರಿಗೆ ಶಾಂತಿಕಾಲದಲ್ಲಿ ಮಾಡಲು ಕೆಲಸವಿಲ್ಲ. ಆಗ ಅಧ್ಯಕ್ಷನಾದ ಬಾರ್ಬಿಕೇನ್ ಒಂದು ಸಲಹೆ ಮುಂದಿಡುತ್ತಾನೆ: ಚಂದ್ರನವರೆಗೆ ಗುಂಡು ಹಾರಿಸೋಣ! ಅದಕ್ಕಾಗಿ 900 ಅಡಿ ಉದ್ದದ ಫಿರಂಗಿಯನ್ನು ಫ್ಲಾರಿಡಾ ಪ್ರಾಂತದ ನೆಲದೊಳಗೆ ನೇರವಾಗಿ ಎರಕ ಹೊಯ್ಯುತ್ತಾರೆ. ಅಲ್ಯೂಮಿನಿಯಮಿನಿಂದ ಮಾಡಿದ ಟೊಳ್ಳು ಗುಂಡಿನೊಳಗೆ ಮೂವರು ಯಾತ್ರಿಕರು ಕುಳಿತುಕೊಳ್ಳುತ್ತಾರೆ. ಫಿರಂಗಿ ಸಿಡಿಯುತ್ತದೆ, ಯಾತ್ರಿಕರ ಗತಿಯೇನಾಯಿತೆಂದು ತಿಳಿಸದೆಯೇ ಮೊದಲ ಕಾದಂಬರಿ ಮುಗಿಯುತ್ತದೆ. ಎರಡನೆಯದರಲ್ಲಿ ಅವರು ಚಂದ್ರನ ಮೇಲೆ ಇಳಿಯಲಾರದೆ, ಅದನ್ನು ಬಳಸಿ ಬಂದು ಶಾಂತಸಾಗರದಲ್ಲಿ ಬೀಳುತ್ತಾರೆ. ಹಡಗೊಂದು ಅವರನ್ನು ಪತ್ತೆಹಚ್ಚಿ ಮೇಲಕ್ಕೆತ್ತುತ್ತದೆ.

ಇಂದಿನ ಓದುಗನು ಈ ಪುಸ್ತಕಗಳನ್ನು ಓದಿದಾಗ ಮೊದಲು ಬೆರಗಾಗುತ್ತಾನೆ. 1968ರ ಡಿಸೆಂಬರ್ ತಿಂಗಳಲ್ಲಿ ಅಪೊಲೊ-8 ನೌಕೆಯು ಮೂವರು ಯಾತ್ರಿಕರನ್ನು ಹೊತ್ತು ಅದೇ ಫ್ಲಾರಿಡಾದಿಂದ ಮೇಲೇರಿತು; ಚಂದ್ರನ ಮೇಲೆ ಇಳಿಯದೆ ಅದನ್ನು ಸುತ್ತಿತು; ಅದೇ ಶಾಂತಸಾಗರಕ್ಕೆ ಮರಳಿತು; ಹಡಗು ಅವರನ್ನು ಬರಮಾಡಿಕೊಂಡಿತು. ಮರುವರ್ಷದ ಜುಲೈ ತಿಂಗಳಲ್ಲಿ ಅಪೊಲೊ-11ರ ಯಾತ್ರಿಕರು ಚಂದ್ರನ ನೆಲವನ್ನೇ ಮೆಟ್ಟಿದರು. ಭೂಮಿಯ ಸೆಳೆತವನ್ನು ಮೀರಲು ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗ ಬೇಕೆಂಬುದು ವಿಜ್ಞಾನದ ಲೆಕ್ಕ. ವರ್ನ್ ತನ್ನ ಗುಂಡಿಗೆ ಕೊಟ್ಟ ವೇಗವೂ ಹೆಚ್ಚುಕಡಿಮೆ ಅಷ್ಟೇ. ನೂರು ವರ್ಷ ಮುಂಚಿತವಾಗಿ ಇಷ್ಟನ್ನು ಊಹಿಸಿದ್ದು ಮಂತ್ರಶಕ್ತಿಯಿಂದಲ್ಲ, ಬಹುಮಟ್ಟಿಗೆ ಗಣಿತದಿಂದ. ಫ್ಲಾರಿಡಾದ ಆಯ್ಕೆಗೂ ಅವನು ಕಾರಣ ಕೊಟ್ಟಿದ್ದಾನೆ: ಚಂದ್ರನು ನೆತ್ತಿಯ ಮೇಲೆ ಬರಬೇಕಾದರೆ ಸ್ಥಳವು ಭೂಮಧ್ಯರೇಖೆಯಿಂದ ಬಹುದೂರ ಇರಕೂಡದು.

ಆದರೆ ಬೆರಗು ಇಳಿದಂತೆ ಎರಡನೆಯ ಮನಸ್ಸು ಎಚ್ಚರಗೊಳ್ಳುತ್ತದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಬಲ್ಲಷ್ಟು ಗಣಿತವೇ ಅದಕ್ಕೆ ಸಾಕು. 900 ಅಡಿ ಎಂದರೆ ಸುಮಾರು 274 ಮೀಟರ್. ಇಷ್ಟು ದೂರ ಸಾಗುವುದರೊಳಗೆ ಗುಂಡಿನ ವೇಗ ಸೊನ್ನೆಯಿಂದ ಸೆಕೆಂಡಿಗೆ 11,000 ಮೀಟರಿಗೆ ಏರಬೇಕು. ವೇಗವು ಒಂದೇ ಸಮನೆ ಏರುತ್ತದೆಂದು ಭಾವಿಸಿದರೆ ಸರಾಸರಿ ವೇಗ ಸೆಕೆಂಡಿಗೆ 5,500 ಮೀಟರ್. ಎಂದಮೇಲೆ ಗುಂಡು ಫಿರಂಗಿಯ ಬಾಯಿ ದಾಟಲು ಹಿಡಿಯುವ ಕಾಲ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ. ಆ ಕ್ಷಣದಲ್ಲಿ ಒಳಗಿನವರ ಮೇಲೆ ಬೀಳುವ ಒತ್ತಡ ಅವರ ಸಹಜ ತೂಕದ 22,000 ಪಟ್ಟನ್ನು ಮೀರುತ್ತದೆ. 50 ಕಿಲೋಗ್ರಾಂ ತೂಗುವ ಬಾಲಕನಿಗೆ ಅದು ಸುಮಾರು 1,100 ಟನ್ ಭಾರವನ್ನು ಹೇರಿದಂತೆ. ಆಘಾತವನ್ನು ತಡೆಯಲೆಂದು ವರ್ನ್ ಗುಂಡಿನ ತಳದಲ್ಲಿ ನೀರಿನ ಹಾಸನ್ನು ಇರಿಸಿದ್ದಾನೆ. ಇಂತಹ ಒತ್ತಡದ ಎದುರಿಗೆ ನೀರಿನ ಹಾಸು ಏನು ಮಾಡೀತು? ಯಾತ್ರೆ ಆರಂಭವಾಗುವ ಮೊದಲೇ ಯಾತ್ರಿಕರ ಕಥೆ ಮುಗಿದಿರುತ್ತದೆ.

ಎರಡನೆಯ ಸಂಶಯ ತೂಕದ ವಿಷಯವಾದುದು. ಭೂಮಿಯ ಸೆಳೆತವೂ ಚಂದ್ರನ ಸೆಳೆತವೂ ಸಮವಾಗುವ ಒಂದೇ ಒಂದು ನೆಲೆಯಲ್ಲಿ ಮಾತ್ರ ಯಾತ್ರಿಕರು ತೂಕವಿಲ್ಲದೆ ತೇಲುತ್ತಾರೆಂದು ವರ್ನ್ ಬರೆದಿದ್ದಾನೆ. ಇದು ನಿಜವಲ್ಲ. ಬಾವಿಗೆ ಇಳಿಬಿಟ್ಟ ಕೊಡಪಾನದೊಳಗೆ ಒಂದು ಕಲ್ಲಿದೆ ಎಂದಿಟ್ಟುಕೊಳ್ಳೋಣ. ಹಗ್ಗ ಹಿಡಿದಿರುವವರೆಗೆ ಕಲ್ಲು ಕೊಡಪಾನದ ತಳವನ್ನು ಒತ್ತುತ್ತಿರುತ್ತದೆ. ಹಗ್ಗ ಕಡಿದರೆ ಎರಡೂ ಸಮವೇಗದಿಂದ ಬೀಳುತ್ತವೆ. ಕಲ್ಲು ತಳವನ್ನು ಒತ್ತುವುದಿಲ್ಲ. ನೂಕುವ ಬಲ ನಿಂತುಹೋದ ನೌಕೆಯ ಸ್ಥಿತಿಯೂ ಹೀಗೆಯೇ. ನೌಕೆಯೂ ಅದರೊಳಗಿನವರೂ ಗುರುತ್ವಕ್ಕೆ ಒಟ್ಟಿಗೇ ವಶರಾಗಿ ಸಾಗುವುದರಿಂದ, ಗಾಳಿಯನ್ನು ದಾಟಿದ ಮೇಲೆ ದಾರಿಯುದ್ದಕ್ಕೂ ಅವರಿಗೆ ತೂಕದ ಅನುಭವವಿರುವುದಿಲ್ಲ.

ಸಾಹಿತ್ಯದ ದೃಷ್ಟಿಯಿಂದಲೂ ಓದುಗನಿಗೆ ಅಸಮಾಧಾನಗಳುಂಟು. ಅಂಕಿಅಂಶಗಳ ಪುಟಗಳು ಕೆಲವೊಮ್ಮೆ ಕಥೆಯನ್ನು ತಡೆದು ನಿಲ್ಲಿಸುತ್ತವೆ. ಪಾತ್ರಗಳು ಒಂದೊಂದು ಸ್ವಭಾವದ ಬೊಂಬೆಗಳಾಗಿ ಉಳಿಯುತ್ತವೆ: ಒಬ್ಬ ಗಂಭೀರ, ಒಬ್ಬ ಹಟಮಾರಿ, ಒಬ್ಬ ಹಾಸ್ಯಪ್ರಿಯ. ಹೆಣ್ಣಿಗಂತೂ ಈ ಯಾತ್ರೆಯಲ್ಲಿ ಸ್ಥಾನವೇ ಇಲ್ಲ. ಇಷ್ಟಾದರೂ ಯುದ್ಧವಿಲ್ಲದೆ ಬೇಸರಗೊಂಡ ಫಿರಂಗಿಗಾರರನ್ನು ಕಂಡು ವರ್ನ್ ನಗುವ ನಗೆಯಲ್ಲಿ ಹರಿತವಾದ ವಿಡಂಬನೆಯಿದೆ. ಮನುಷ್ಯನ ಬುದ್ಧಿಶಕ್ತಿ ಸಂಹಾರಕ್ಕೂ ಒದಗುತ್ತದೆ, ಸಾಹಸಕ್ಕೂ ಒದಗುತ್ತದೆ ಎಂಬ ಮಾತು ಅದರೊಳಗಿಂದ ಕೇಳಿಬರುತ್ತದೆ.

ಹಾಗಾದರೆ ಇಂತಹ ಪುಸ್ತಕವನ್ನು ಒಪ್ಪಬೇಕೇ, ತಳ್ಳಿಹಾಕಬೇಕೇ? ಸ್ವತಃ ವರ್ನನೇ ಒಮ್ಮೆ ಓದುಗನ ಸ್ಥಾನದಲ್ಲಿ ನಿಂತು ಈ ಪ್ರಶ್ನೆಯನ್ನು ಎದುರಿಸಬೇಕಾಯಿತು. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1901ರಲ್ಲಿ ‘ಚಂದ್ರನ ಮೇಲೆ ಮೊದಲ ಮಾನವರು’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಅದರಲ್ಲಿ ಗುರುತ್ವಾಕರ್ಷಣೆಯನ್ನು ತಡೆಯುವ ‘ಕೇವರೈಟ್’ ಎಂಬ ಕಲ್ಪಿತ ವಸ್ತುವಿನ ನೆರವಿನಿಂದ ಯಾತ್ರಿಕರು ಮೇಲೇರುತ್ತಾರೆ. ವೆಲ್ಸನ ಪ್ರತಿಭೆಯನ್ನು ವರ್ನ್ ಮೆಚ್ಚಿದನು. ಆದರೆ ಅವನ ವಿಧಾನವನ್ನು ಒಪ್ಪಲಿಲ್ಲ. ತಾನು ಇರುವ ಸಿಡಿಮದ್ದಿನಿಂದ ಗುಂಡು ಹಾರಿಸಿದರೆ ಈತನು ಇಲ್ಲದ ವಸ್ತುವನ್ನು ಹುಟ್ಟಿಸಿಕೊಂಡಿದ್ದಾನೆ, ಅಂತಹ ಲೋಹವನ್ನು ತೋರಿಸಲಿ ನೋಡೋಣ, ಎಂಬುದು 1903ರ ಒಂದು ಸಂದರ್ಶನದಲ್ಲಿ ಅವನು ಎತ್ತಿದ ಆಕ್ಷೇಪದ ಸಾರ. ಇಲ್ಲೊಂದು ವಿನೋದವಿದೆ. ವರ್ನನ ಸಿಡಿಮದ್ದು ನಿಜವಾದುದು, ಆದರೆ ಅವನ ಯಾತ್ರಿಕರು ಬದುಕಲಾರರು. ವೆಲ್ಸನ ವಸ್ತು ಸುಳ್ಳು. ಅದೊಂದನ್ನು ಒಪ್ಪಿಕೊಂಡರೆ ಅವನ ಯಾತ್ರಿಕರು ಸುಖವಾಗಿ ಚಂದ್ರನನ್ನು ಮುಟ್ಟುತ್ತಾರೆ.

ವೆಲ್ಸನ ಪಕ್ಷವೂ ವಿಚಾರಾರ್ಹವಾದುದೇ. ಕಥೆಗಾರನು ಒಂದು ಅಸಂಭವವನ್ನು ಮಾತ್ರ ಓದುಗನಿಂದ ಬೇಡಿ ಪಡೆಯಬೇಕು; ಆಮೇಲೆ ಉಳಿದುದೆಲ್ಲವೂ ಲೋಕದ ರೀತಿಯಂತೆಯೇ ನಡೆಯಬೇಕು; ಏನು ಬೇಕಾದರೂ ಆಗಬಹುದಾದ ಕಥೆಯಲ್ಲಿ ಕುತೂಹಲವೇ ಉಳಿಯದು ಎಂಬುದು ಅವನ ಅಭಿಪ್ರಾಯ. ತಾಳಮದ್ದಳೆಯ ಶ್ರೋತೃವಿನ ನಿಲುವೂ ಇದೇ ಅಲ್ಲವೇ? ಕಪಿ ಮಾತನಾಡುವುದೆಂಬ ಒಂದನ್ನು ಅವನು ಒಪ್ಪಿಕೊಟ್ಟಿದ್ದಾನೆ. ಆಮೇಲೆ ಆ ಕಪಿಯ ಮಾತಿನಲ್ಲಿ ನ್ಯಾಯವನ್ನು ಹುಡುಕುತ್ತಾನೆ.

ಆದುದರಿಂದ ವಿಜ್ಞಾನ ಕಥೆಯ ಓದುಗನು ಎರಡು ಬಗೆಯ ಅಸತ್ಯಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು, ಕಥೆಗಾರನು ಬಹಿರಂಗವಾಗಿ ಬೇಡಿಕೊಂಡ ಕಲ್ಪನೆ. ಎರಡನೆಯದು, ಕಥೆಯೊಳಗೆ ನುಸುಳಿಕೊಂಡ ತಪ್ಪು. ವೆಲ್ಸನ ‘ಅದೃಶ್ಯ ಮಾನವ’ (1897) ಇದಕ್ಕೆ ಉತ್ತಮ ನಿದರ್ಶನ. ಮನುಷ್ಯನ ದೇಹ ಕಾಣದಂತಾಗುವುದೆಂಬುದು ಒಪ್ಪಿಕೊಳ್ಳಬೇಕಾದ ಕಲ್ಪನೆ. ಆದರೆ ಕಣ್ಣು ಕಾಣಬೇಕಾದರೆ ಬೆಳಕು ಅಕ್ಷಿಪಟಲದಲ್ಲಿ ಹೀರಲ್ಪಡಬೇಕು. ಸಂಪೂರ್ಣ ಪಾರದರ್ಶಕವಾದ ಕಣ್ಣಿನ ಮೂಲಕ ಬೆಳಕು ಹಾಗೆಯೇ ಹಾದುಹೋಗುವುದರಿಂದ ಅದೃಶ್ಯನಾದವನು ಕುರುಡನೂ ಆಗಬೇಕಾಗುತ್ತದೆ. ವೆಲ್ಸನಿಗೆ ಈ ತೊಡಕು ಹೊಳೆದಿದ್ದಂತಿದೆ. ಆ ಮನುಷ್ಯನ ಕಣ್ಣಿನ ಹಿಂಬದಿಯಲ್ಲಿ ಮಂಜಿಗಿಂತಲೂ ತೆಳುವಾದ ಬಣ್ಣದ ಛಾಯೆಯೊಂದು ಉಳಿದಿತ್ತೆಂದು ಅವನು ಸೂಚಿಸಿದ್ದಾನೆ. ಅಷ್ಟರಿಂದ ದೃಷ್ಟಿ ಉಳಿಯಲಾರದೆಂಬುದು ಬೇರೆ ಮಾತು. ಎಚ್ಚರಿಕೆಯಿಂದ ಓದಿದವನಿಗೆ ಮಾತ್ರ ಲೇಖಕನ ಎಚ್ಚರವೂ ಕಾಣಿಸುತ್ತದೆ, ಅದರ ಮಿತಿಯೂ ಕಾಣಿಸುತ್ತದೆ.

ಇಂತಹ ಮಿಶ್ರಭಾವದ ಓದಿನಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ರಷ್ಯಾದ ಕಾನ್‌ಸ್ಟಾಂಟಿನ್ ತ್ಸಿಯೊಲ್ಕೊವ್‌ಸ್ಕಿ 1857ರಲ್ಲಿ ಹುಟ್ಟಿದವನು. ಬಾಲ್ಯದ ಕಾಯಿಲೆಯಿಂದ ಅವನ ಕಿವಿ ಮಂದವಾಯಿತು. ಪುಸ್ತಕಗಳೇ ಅವನ ಗುರುಗಳಾದವು. ಮುಂದೆ ಅವನು ಸಣ್ಣ ಊರುಗಳಲ್ಲಿ ಶಾಲಾ ಉಪಾಧ್ಯಾಯನಾದನು. ಬಾಹ್ಯಾಕಾಶಯಾನದ ಕನಸಿನ ಬೀಜವನ್ನು ತನ್ನಲ್ಲಿ ಬಿತ್ತಿದವನು ವರ್ನ್ ಎಂದು ಅವನು ಕೃತಜ್ಞತೆಯಿಂದ ಸ್ಮರಿಸಿದ್ದಾನೆ. ಆದರೆ ಫಿರಂಗಿಯನ್ನು ಅವನು ಒಪ್ಪಲಿಲ್ಲ. ಒಳಗಿನವರು ಅದರಿಂದ ಉಳಿಯಲಾರರೆಂದು ಕಂಡುಕೊಂಡನು. ಗಾಳಿ ತುಂಬಿದ ಬಲೂನಿನ ಬಾಯಿ ಬಿಟ್ಟಾಗ ಗಾಳಿ ಹಿಂದಕ್ಕೆ ನುಗ್ಗಿ ಬಲೂನು ಮುಂದಕ್ಕೆ ಹಾರುವುದನ್ನು ಮಕ್ಕಳೆಲ್ಲರೂ ಬಲ್ಲರು. ಅದೇ ತತ್ತ್ವದಿಂದ ನಡೆಯುವ ರಾಕೆಟ್ಟಿನಲ್ಲಿ ವೇಗವು ಒಂದೇ ಕ್ಷಣಕ್ಕೆ ಎರಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ವಿಚಾರವನ್ನು ಗಣಿತಬದ್ಧವಾಗಿ ನಿರೂಪಿಸಿದ ಅವನ ಪ್ರಬಂಧ 1903ರಲ್ಲಿ ಪ್ರಕಟವಾಯಿತು.

ಹರ್ಮನ್ ಒಬರ್ಟನ ಕಥೆ ಇನ್ನೂ ಹೃದ್ಯವಾದುದು. 1894ರಲ್ಲಿ ಟ್ರಾನ್ಸಿಲ್ವೇನಿಯದಲ್ಲಿ ಹುಟ್ಟಿದ ಈತನಿಗೆ ಹನ್ನೊಂದರ ಆಸುಪಾಸಿನ ವಯಸ್ಸಿನಲ್ಲಿ ವರ್ನನ ಚಂದ್ರಯಾನದ ಪುಸ್ತಕಗಳು ದೊರೆತವು. ಬಾಯಿಪಾಠವಾಗುವಷ್ಟು ಸಲ ಅವನ್ನು ಓದಿದನು. ಪ್ರೀತಿಯಿಂದ ಓದಿದವನೇ ಲೆಕ್ಕ ಹಾಕಲೂ ಕುಳಿತನು. ಗುಂಡಿಗೆ ಬೇಕಾದ ವೇಗ ಸರಿ, ಫಿರಂಗಿ ಮಾತ್ರ ತಪ್ಪು ಎಂಬ ತೀರ್ಮಾನಕ್ಕೆ ಬಂದನು. ಆ ತೀರ್ಮಾನ ಅವನನ್ನು ರಾಕೆಟ್ಟಿನತ್ತ ಒಯ್ದಿತು. 1923ರಲ್ಲಿ ಗ್ರಹಾಂತರ ಪ್ರಯಾಣದ ರಾಕೆಟ್ಟನ್ನು ಕುರಿತು ಅವನು ಬರೆದ ಗ್ರಂಥ ಯೂರೋಪಿನ ತರುಣರನ್ನು ಬಡಿದೆಬ್ಬಿಸಿತು. ಮುಂದೆ ಅಪೊಲೊ ಯಾತ್ರಿಕರು ರಾಕೆಟ್ಟಿನಲ್ಲಿ ಭೂಕಕ್ಷೆಗೇರಲು ಸುಮಾರು 12 ನಿಮಿಷ ಹಿಡಿಯಿತು. ಆಗ ಅವರು ಅನುಭವಿಸಿದ ಒತ್ತಡ ಅತಿ ಹೆಚ್ಚೆಂದರೆ ತಮ್ಮ ತೂಕದ ಸುಮಾರು 4 ಪಟ್ಟು. ಒಬರ್ಟ್ ಎಂಬ ಬಾಲಕ ಪುಸ್ತಕವನ್ನು ಬರಿದೇ ಹೊಗಳಿದ್ದರೆ ಫಿರಂಗಿಯಲ್ಲೇ ನಿಲ್ಲುತ್ತಿದ್ದನು. ಬರಿದೇ ಜರೆದಿದ್ದರೆ ಚಂದ್ರನನ್ನೇ ಮರೆಯುತ್ತಿದ್ದನು.

ಸಂಶಯಪಡುವುದಕ್ಕೂ ಸಾಧನ ಬೇಕು. ತಕ್ಕಡಿಯಿದ್ದರೆ ಸಾಲದು, ತೂಗುವ ಬಟ್ಟುಗಳೂ ಬೇಕು. ಕನ್ನಡದ ಮಕ್ಕಳಿಗೆ ಅಂತಹ ಬಟ್ಟುಗಳನ್ನು ಒದಗಿಸಿದವರಲ್ಲಿ ಇಬ್ಬರು ಹಿರಿಯರಿಗೆ ಈ ನೆಲದ ನಂಟಿದೆ. ಪುತ್ತೂರಿನ ಬಾಲವನದಲ್ಲಿ ದೀರ್ಘಕಾಲ ನೆಲೆಸಿದ್ದ ಶಿವರಾಮ ಕಾರಂತರು (1902–1997) 1930ರ ದಶಕದಲ್ಲಿ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಏಕಾಂಗಿಯಾಗಿ ರಚಿಸಿದರು. ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಹೊರತಂದರು. ಕಾದಂಬರಿಕಾರರಾದ ಅವರಿಗೆ ಕಲ್ಪನೆಯ ಬೆಲೆ ತಿಳಿಯದೆ ಇರಲಿಲ್ಲ. ತಿಳಿವಳಿಕೆಯ ಬೆಲೆಯೂ ತಿಳಿದಿತ್ತು. ಇಂದು ಕಡಬ ತಾಲ್ಲೂಕಿಗೆ ಸೇರಿರುವ, ಸುಬ್ರಹ್ಮಣ್ಯದ ಸಮೀಪದ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಕಾದಂಬರಿಕಾರ ನಿರಂಜನರು ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶದ ಸಂಪಾದಕರಾಗಿ ದುಡಿದರು. ಒಂದು ಕೈಯಲ್ಲಿ ಕಥೆ, ಇನ್ನೊಂದು ಕೈಯಲ್ಲಿ ವಿಶ್ವಕೋಶ: ಇಬ್ಬರೂ ಮಕ್ಕಳಿಗೆ ನೀಡಿದ ಜೋಡಿ ಕಾಣಿಕೆ ಇದು.

ಎಲ್ಲ ಪರೀಕ್ಷೆಯೂ ಪುಸ್ತಕಗಳಿಂದಲೇ ಆಗಬೇಕೆಂದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ವಿಜ್ಞಾನದ ಕುತೂಹಲವನ್ನೇ ಉಸಿರಾಗಿಸಿಕೊಂಡ ಕನ್ನಡ ಕಾದಂಬರಿ. ಹಾರುವ ಓತಿಯೊಂದನ್ನು ಅರಸಿ ವಿಜ್ಞಾನಿಯೂ ಅವನ ಸಂಗಡಿಗರೂ ಮಲೆನಾಡಿನ ದಟ್ಟ ಕಾಡನ್ನು ಹೊಗುತ್ತಾರೆ. ಕಡೆಗೆ ಅದು ಎಲ್ಲರ ಕಣ್ಣೆದುರಿಗೇ ಕಣಿವೆಯತ್ತ ತೇಲಿ ಮರೆಯಾಗುತ್ತದೆ. ಇದನ್ನು ಓದುವ ಸುಳ್ಯದ ವಿದ್ಯಾರ್ಥಿಗೆ ಒಂದು ವಿಚಿತ್ರ ಅನುಭವವಾಗಬಹುದು. ಕಾದಂಬರಿಯಲ್ಲಿ ದುರ್ಲಭ ವಿಸ್ಮಯವಾಗಿರುವ ಆ ಜೀವಿ ಅವನ ಮನೆಯ ಹಿಂದಿನ ಅಡಿಕೆಯ ಮರದ ಮೇಲೆಯೇ ಕುಳಿತಿರುತ್ತದೆ! ಪಶ್ಚಿಮಘಟ್ಟದ ಕಾಡುಗಳಲ್ಲಿ ಮಾತ್ರವಲ್ಲ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿಯೂ ಹಾರುವ ಓತಿ ವಾಸಿಸುತ್ತದೆ. ಮರದ ತೊಗಟೆಯ ಬಣ್ಣದಲ್ಲಿ ಬೆರೆತುಹೋಗುವುದರಿಂದ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಇರುವೆಗಳು ಅದರ ಮುಖ್ಯ ಆಹಾರ. ನೀಳವಾದ ಪಕ್ಕೆಲುಬುಗಳು ಕೊಡೆಯ ಕಡ್ಡಿಗಳಂತೆ ಚರ್ಮದ ಪೊರೆಯನ್ನು ಬಿಡಿಸಿ ಹಿಡಿಯುತ್ತವೆ. ಅದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಒಂದು ಮರದ ಎತ್ತರದಿಂದ ಇನ್ನೊಂದು ಮರದ ಬುಡದತ್ತ ತೇಲುತ್ತದೆ.

ಆಗ ಆ ಓದುಗನ ಮನಸ್ಸು ಎರಡಾಗುತ್ತದೆ. ‘ನಮ್ಮ ತೋಟದಲ್ಲಿರುವುದನ್ನು ಇಷ್ಟು ದೂರ ಹೋಗಿ ಹುಡುಕಬೇಕೇ?’ ಎನ್ನುತ್ತದೆ ಒಂದು ಮನಸ್ಸು. ‘ದಿನವೂ ತೋಟಕ್ಕೆ ಹೋದರೂ ಇದನ್ನು ಒಮ್ಮೆಯಾದರೂ ಕಣ್ತೆರೆದು ನೋಡಿದ್ದೆನೇ?’ ಎನ್ನುತ್ತದೆ ಇನ್ನೊಂದು ಮನಸ್ಸು. ಎರಡು ಪ್ರಶ್ನೆಗಳೂ ನ್ಯಾಯವಾದವುಗಳೇ. ಮೊದಲನೆಯದು ಕಾದಂಬರಿಯನ್ನು ಲೋಕದ ಎದುರಿಗೆ ಹಿಡಿದು ಪರೀಕ್ಷಿಸುತ್ತದೆ. ಎರಡನೆಯದು ಲೋಕವನ್ನೇ ಕಾದಂಬರಿಯ ಬೆಳಕಿನಲ್ಲಿ ಹೊಸದಾಗಿ ಕಾಣಿಸುತ್ತದೆ. ಪುಸ್ತಕವನ್ನು ಕೆಳಗಿಟ್ಟು ಅವನು ತೋಟಕ್ಕಿಳಿದು ಮರಗಳನ್ನು ಒಂದೊಂದಾಗಿ ನೋಡತೊಡಗಿದರೆ, ಕಾದಂಬರಿಯೂ ಗೆದ್ದಿತು, ವಿಜ್ಞಾನವೂ ಗೆದ್ದಿತು.

ಪುಸ್ತಕವೊಂದನ್ನು ಕುರಿತು ‘ಚೆನ್ನಾಗಿದೆ’ ಎಂಬ ಒಂದೇ ಮಾತನ್ನೋ ‘ಚೆನ್ನಾಗಿಲ್ಲ’ ಎಂಬ ಒಂದೇ ಮಾತನ್ನೋ ಹೇಳಿ ಮುಗಿಸುವುದು ಸುಲಭ. ‘ಇದನ್ನು ಒಪ್ಪುತ್ತೇನೆ, ಇದನ್ನು ಒಪ್ಪಲಾರೆ, ಕಾರಣ ಇದು’ ಎಂದು ಹೇಳಲು ಪ್ರೀತಿಯೂ ಬೇಕು, ಪರಿಶ್ರಮವೂ ಬೇಕು. ವಿಜ್ಞಾನ ಕಲ್ಪನಾ ಕಥೆ ಓದುಗನಿಂದ ಬಯಸುವುದು ಅದನ್ನೇ. 2023ರ ಆಗಸ್ಟ್ 23ರಂದು ಭಾರತದ ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪಕ್ಕೆ ಮೆಲ್ಲನೆ ಇಳಿಯಿತು. ಅದರ ಹಿಂದೆ ಇದ್ದುದು ವರ್ನನ ಫಿರಂಗಿಯಲ್ಲ, ರಾಕೆಟ್ಟು. ಆದರೆ ಆ ಫಿರಂಗಿಯ ಕಥೆಯನ್ನು ಮೆಚ್ಚಿ ಓದಿ, ಅದರ ತಪ್ಪನ್ನು ಲೆಕ್ಕಹಾಕಿ ತೆಗೆದ ಬಾಲಕನೊಬ್ಬನ ಕುತೂಹಲವೂ ಆ ರಾಕೆಟ್ಟಿನ ಹಿಂದಿನ ದೀರ್ಘ ಪರಂಪರೆಯಲ್ಲಿ ಸೇರಿದೆ.